ಹೊಸಿಲಾಚೆಯಿಂದ ಕೊಟ್ಟ ಒಪ್ಪಿಗೆ

ಕೋವಿಡ್ ಲಸಿಕೆಯ ಓಡಾಟ ಮುಗಿದ ಮರುವರ್ಷ ನಾನು ಆಂಧ್ರದ ಆದೋನಿ ಮಂಡಲದ ಒಂದು ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಎ.ಎನ್.ಎಂ. ಎಂದರೆ ಸರ್ಕಾರಿ ಕಾಗದದಲ್ಲಿ ಕಿರಿಯ ದರ್ಜೆಯ ಆರೋಗ್ಯ ಸಹಾಯಕಿ. ಊರಿನವರ ಬಾಯಲ್ಲಿ ನರ್ಸಮ್ಮ. ಮೂರು ಊರು, ಎರಡು ತಾಂಡಾಗಳ ಬಸುರಿಯರ ತಪಾಸಣೆ, ಮಕ್ಕಳ ಲಸಿಕೆ, ಜ್ವರದ ಸಮೀಕ್ಷೆ ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ನಡೆದದ್ದನ್ನು ಮಾತ್ರ ಬದಲಿಸಿಲ್ಲ.

ಆ ಊರಿನ ಆಶಾ ಕಾರ್ಯಕರ್ತೆ ಸರೋಜ. ಆಶಾ ಎಂದರೆ ಮನೆಮನೆಗೆ ಹೋಗಿ ಜನರನ್ನು ಆರೋಗ್ಯ ಕೇಂದ್ರಕ್ಕೆ ಕರೆತರುವವಳು. ಅವಳು ಆರು ವರ್ಷ ನನ್ನ ಜೊತೆ ನಡೆದಳು. ಇಪ್ಪತ್ತೆಂಟು ವರ್ಷದ ಹೆಂಗಸು. ಹತ್ತನೆಯ ತರಗತಿಯವರೆಗೆ ತೆಲುಗಿನಲ್ಲಿ ಓದಿದವಳಾದ್ದರಿಂದ ರಿಜಿಸ್ಟರ್ ಬರೆಯುವುದು ತೆಲುಗಿನಲ್ಲಿ, ಮುದುಕಿಯರ ಜೊತೆ ಜಗಳವಾಡುವುದು ಕನ್ನಡದಲ್ಲಿ. ಲಸಿಕೆ ಬೇಡವೆಂದು ಬಾಗಿಲು ಹಾಕಿಕೊಳ್ಳುವ ಮನೆ ಬಂದಾಗ ನನ್ನನ್ನು ತಡೆದು, "ಅಕ್ಕಾ, ನೀ ಹಿಂದ ನಿಂದ್ರು. ನೀ ಆಫೀಸರ್ ಇದ್ದಂಗ. ನಾ ಊರಾಕಿ, ನನಗ ಬೈದ್ರ ಏನ್ ಆಗಂಗಿಲ್ಲ" ಎಂದು ತಾನೇ ಮುಂದೆ ಹೋಗುತ್ತಿದ್ದಳು. ಐದು ನಿಮಿಷದಲ್ಲಿ ಒಳಗಿನಿಂದ ನಗು ಕೇಳುತ್ತಿತ್ತು. ಆಮೇಲೆ ನಾನು ಸೂಜಿ ಹಿಡಿದು ಒಳಗೆ ಹೋಗುತ್ತಿದ್ದೆ.

ಅವಳ ಗಂಡ ಮಾರೆಪ್ಪ ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಅತ್ತೆ ಈರಮ್ಮ. ಸರೋಜಳಿಗೆ ಎರಡು ಸಲ ಬಸಿರು ನಿಂತು ಮೂರು ತಿಂಗಳೊಳಗೆ ಹೋಗಿತ್ತು. ಮೂರನೆಯದು ಏಳನೆಯ ತಿಂಗಳಿಗೆ ಬಂದಿತ್ತು. ತನ್ನ ತಾಯಿ ಕಾರ್ಡನ್ನು ತಾನೇ ತುಂಬಿ ನನ್ನ ಸಹಿಗೆ ತರುತ್ತಿದ್ದಳು. ಅವಳ ರಕ್ತದೊತ್ತಡ, ಹಿಮೋಗ್ಲೋಬಿನ್, ತೂಕ ಎಲ್ಲವೂ ನನಗೆ ಬಾಯಿಪಾಠವಾಗಿದ್ದವು. ಆ ಕಾರ್ಡಿನಲ್ಲಿ ಒಂದು ಪ್ರಶ್ನೆ ಇರಲಿಲ್ಲ. ಅದನ್ನು ನಾನೂ ಕೇಳಿರಲಿಲ್ಲ.

ಏಳನೆಯ ತಿಂಗಳಲ್ಲಿ ನಮ್ಮ ಕಡೆ ಕುಬುಸ ಮಾಡುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಸರೋಜಳ ತವರಿನಲ್ಲಿ ಇನ್ನೊಂದು ಪದ್ಧತಿ. ಉಡಿ ತುಂಬಿದ ಮೇಲೆ ತವರಿನ ಕಡೆಯ ಚೊಚ್ಚಲ ಮಗುವೊಂದನ್ನು ಬಸುರಿಯ ತೊಡೆಯ ಮೇಲೆ ಕೂರಿಸಬೇಕು. ಆರತಿ ಮುಗಿಯುವವರೆಗೆ ಮಗು ಇಳಿಯಬಾರದು. ಹಿಂದಿನ ಎರಡು ಬಸಿರುಗಳಲ್ಲಿ ಕುಬುಸದ ಮಾತೇ ಬಂದಿರಲಿಲ್ಲ. ಈ ಸಲ ಆ ಜಾಗಕ್ಕೆ ಮಗು ಮೊದಲೇ ಗೊತ್ತಾಗಿತ್ತು: ಸರೋಜಳ ಅಕ್ಕ ನಾಗವೇಣಿಯ ಮಗಳು ಪವಿತ್ರ, ನಾಲ್ಕು ವರ್ಷದವಳು. ಎಲ್ಲರೂ ಪವಿ ಎನ್ನುತ್ತಿದ್ದರು. ನಾಗವೇಣಿ ಇದ್ದದ್ದು ಎರಡು ಕಿಲೋಮೀಟರ್ ಆಚೆಯ ಊರಿನಲ್ಲಿ. ಅದೂ ನನ್ನ ಉಪಕೇಂದ್ರಕ್ಕೇ ಸೇರಿದ್ದು.

ಕುಬುಸ ಶುಕ್ರವಾರಕ್ಕೆ ನಿಶ್ಚಯವಾಗಿತ್ತು. ಅದರ ಹಿಂದಿನ ಭಾನುವಾರ ಪವಿಗೆ ಮೈಮೇಲೆ ಗುಳ್ಳೆ ಎದ್ದವು. ಡಾಕ್ಟರುಗಳು ಚಿಕನ್‌ಪಾಕ್ಸ್ ಎನ್ನುವುದನ್ನು ನಮ್ಮಲ್ಲಿ ಅಮ್ಮ ಬಂದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಮಗುವಿನ ಮೈಗೆಲ್ಲ ಬೇವು ಅರಿಶಿನ ಅರೆದು ಹಚ್ಚುತ್ತಾರೆ. ದಿನ ಬಿಟ್ಟು ದಿನ ಬೇವಿನ ನೀರು ಹಾಕಿ, ಮೂರು ನೀರು ಆದ ಮೇಲೆ ಅಮ್ಮ ಹೋದಳು ಎಂದು ಲೆಕ್ಕ. ಪವಿಗೆ ಬಂದದ್ದು ತೀರಾ ಕಡಿಮೆ. ಒಂದು ದಿನ ಮೈ ಬೆಚ್ಚಗಾಗಿತ್ತು, ಅಷ್ಟೇ. ಮಂಗಳವಾರದ ಹೊತ್ತಿಗೆ ಅಂಗಳಕ್ಕೆ ಬಿಡಿ ಎಂದು ಹಟ ಮಾಡುತ್ತಿದ್ದಳು.

ಬುಧವಾರ ಸರೋಜ ಉಪಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕುಳಿತಳು.

"ಅಕ್ಕಾ, ಪವಿನ್ನ ಕರ್ಕೊಂಡ್ ಬರಬಹುದೇನು? ನಮ್ಮ ಅತ್ತಿ ಬ್ಯಾಡ ಅಂತಾಳ, ಮೂರನೇ ನೀರು ಆಗಿಲ್ಲ ಅಂತ. ನಮ್ಮಕ್ಕ ಬರ್ತೀನಿ ಅಂತಾಳ. ನೀ ಏನಂತಿ ಅದ ಫೈನಲ್."

"ನೋಡಿ ಹೇಳ್ತೀನಿ," ಎಂದೆ.

"ನೋಡು. ಆದ್ರ ಹೂಂ ಅನ್ನು," ಎಂದು ನಕ್ಕಳು. ಆಮೇಲೆ ನಗು ಇಲ್ಲದೆ ಹೇಳಿದಳು: "ಈ ಸರ್ತಿ ಏನೂ ಬಿಟ್ಟು ಹೋಗಬಾರ್ದು ಅಕ್ಕಾ. ನಾಳೆ ಏನಾರ ಆದ್ರ, ತೊಡಿ ಮ್ಯಾಲ ಕೂಸು ಕುಂದ್ರಸಲಿಲ್ಲ ಅದಕ್ಕ ಹಿಂಗಾತು ಅಂತಾರ."

ಗುರುವಾರ ಮಧ್ಯಾಹ್ನ ನಾಗವೇಣಿಯ ಮನೆಗೆ ಹೋದೆ. ನಮಗೆ ಕಲಿಸಿದ ನಿಯಮ ಸರಳವಾದದ್ದು. ಮೈಮೇಲಿನ ಒಂದೊಂದು ಗುಳ್ಳೆಯೂ ಒಣಗಿ ಹಕ್ಕಳೆಯಾಗಬೇಕು. ಒಂದೇ ಒಂದರಲ್ಲಿ ನೀರಿದ್ದರೂ ಮಗು ಮನೆಯಲ್ಲಿಯೇ ಇರಬೇಕು. ಇದನ್ನು ನೋಡಬೇಕೆಂದರೆ ಬಟ್ಟೆ ತೆಗೆದು, ತಲೆಗೂದಲು ಸರಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ನೋಡಬೇಕು. ನಾನು ಹಾಗೆ ನೋಡಲಿಲ್ಲ. ಬೇವು ಕಟ್ಟಿದ ಮನೆಯ ಹೊಸಿಲು ದಾಟದಿರುವುದು ನನ್ನ ಮೂವತ್ತು ವರ್ಷದ ರೂಢಿ. ಹೊಸದರಲ್ಲಿ ಒಮ್ಮೆ ದಾಟಿದ್ದಕ್ಕೆ ಒಂದು ಓಣಿಯವರು ಎರಡು ತಿಂಗಳು ತಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿರಲಿಲ್ಲ. ಅಂದಿನಿಂದ ನಾನು ಹೊರಗೆ ನಿಂತು ಮಾತಾಡುತ್ತಿದ್ದೆ. ನರ್ಸಮ್ಮಗೆ ಮರ್ಯಾದೆ ಗೊತ್ತೈತಿ ಎಂದು ಜನ ಮೆಚ್ಚುತ್ತಿದ್ದರು. ಆ ಮೆಚ್ಚುಗೆ ನನಗೆ ಬೇಕಾಗಿತ್ತು.

ನಾಗವೇಣಿ ಮಗುವನ್ನು ಪಡಸಾಲೆಯಲ್ಲಿ ನಿಲ್ಲಿಸಿದಳು. ನಮ್ಮ ನಡುವೆ ಆರೇಳು ಅಡಿ ಇತ್ತು. ಪವಿ ತಲೆಯಿಂದ ಕಾಲಿನವರೆಗೆ ಹಳದಿಯಾಗಿದ್ದಳು. ಅರಿಶಿನ ಒಣಗಿ ಬಿರಿದಿತ್ತು.

"ಎರಡು ನೀರು ಹಾಕೀವಿ ನರ್ಸಮ್ಮ. ಎಲ್ಲಾ ಒಣಗ್ಯಾವ," ಎಂದಳು ನಾಗವೇಣಿ.

"ನಾ ನಾಳಿ ಚಿಗವ್ವನ ತೊಡಿ ಮ್ಯಾಲ ಕುಂದ್ರಾಕಿ," ಎಂದಳು ಪವಿ.

ಒಣಗಿದ್ದು ಅರಿಶಿನ. ನಾನು ಗುಳ್ಳೆ ಒಣಗಿದೆ ಎಂದುಕೊಂಡೆ. "ಪರವಾಗಿಲ್ಲ, ಕರ್ಕೊಂಡ್ ಹೋಗು. ಸ್ವಲ್ಪ ಹೊತ್ತು ಕುಂದ್ರಿಸಿ ಮನಿಗೆ ಕರ್ಕೊಂಡ್ ಬಾ," ಎಂದು ಹೇಳಿ ಹೊರಟೆ. ಹೊಸಿಲ ಹತ್ತಿರ ನಾನು ನಿಂತದ್ದು ಐದು ನಿಮಿಷವೂ ಇರಲಾರದು.

ಶುಕ್ರವಾರ ಕುಬುಸಕ್ಕೆ ನಾನೂ ಹೋಗಿದ್ದೆ. ಮನೆ ಚಿಕ್ಕದು, ಹೆಂಗಸರು ನಲವತ್ತಕ್ಕೂ ಹೆಚ್ಚು. ಸರೋಜ ಮಣೆಯ ಮೇಲೆ ಕುಳಿತಿದ್ದಳು. ಪಕ್ಕದ ಮನೆಯ ಮುದುಕಿ ಅವಳ ಹೊಟ್ಟೆ ನೋಡಿ, "ಏನ ಸರೋಜಾ, ನೋಡಿದ್ರ ಎರಡು ಅದಾವ ಅನಸ್ತೈತಿ. ರಿಜಿಸ್ಟರದಾಗ ಒಂದ ಬರದಿಯೇನು?" ಎಂದಳು. "ಬರ್ಯೋದು ಒಂದು, ಹಡೆಯೋದು ಎರಡು. ಸರ್ಕಾರಕ್ಕ ಹೇಳಬ್ಯಾಡ ದೊಡ್ಡವ್ವಾ," ಎಂದಳು ಸರೋಜ. ಮನೆಯೆಲ್ಲ ನಕ್ಕಿತು.

ಪವಿ ಹೊಸ ಫ್ರಾಕ್ ತೊಟ್ಟು ತೊಡೆಯ ಮೇಲೆ ಕುಳಿತಳು. ಸೆಕೆಗೆ ನಿದ್ದೆ ಬಂದು ಸರೋಜಳ ಕುತ್ತಿಗೆಗೆ ಮುಖ ಒತ್ತಿ ಮಲಗಿಬಿಟ್ಟಳು. ಆರತಿ ಆಯಿತು, ಹಾಡಾಯಿತು. ಎಲ್ಲ ಸೇರಿ ಮುಕ್ಕಾಲು ಗಂಟೆ. ಕೊನೆಗೆ ಮಗುವನ್ನು ಎತ್ತಿಕೊಳ್ಳಲು ಹತ್ತಿರವಿದ್ದವಳು ನಾನು. ಎತ್ತಿದಾಗ ಅವಳ ಕೂದಲು ಸರಿಯಿತು. ಬೆವರಿಗೆ ಅರಿಶಿನ ಕರಗಿ ಹೋಗಿತ್ತು. ಎಡ ಕಿವಿಯ ಹಿಂದೆ ಎರಡು ಗುಳ್ಳೆ, ಕುತ್ತಿಗೆಯಲ್ಲಿ ಒಂದು. ನೀರು ತುಂಬಿ ಹೊಳೆಯುತ್ತಿದ್ದವು.

ನಾನು ನೋಡಿದೆ. ಏನೂ ಹೇಳಲಿಲ್ಲ. ಮಗುವಿಗೆ ಗಾಳಿ ಬೇಕು ಎಂದು ಹೊರಗೆ ಒಯ್ದು ನಾಗವೇಣಿಯ ಕೈಗೆ ಕೊಟ್ಟು ಮನೆಗೆ ಹೋಗು ಎಂದೆ. ಶುಭಕಾರ್ಯದ ನಡುವೆ ಆ ಮಾತು ಹೇಗೆ ಆಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅಂದಿನ ಮಟ್ಟಿಗೆ ಅದು ನಿಜವಿರಬಹುದು. ಆದರೆ ಶನಿವಾರವೂ ಹೇಳಲಿಲ್ಲ. ಸೋಮವಾರ ಸರೋಜ ನನ್ನ ಪಕ್ಕದಲ್ಲಿ ಕುಳಿತು ಲಸಿಕೆಯ ಪಟ್ಟಿ ಬರೆದಳು, ಆಗಲೂ ಹೇಳಲಿಲ್ಲ. ಈ ಕಡೆ ಬೆಳೆದವರಿಗೆ ಯಾರಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿಲ್ಲ, ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿನಗೆ ಬಂದಿತ್ತೇನು ಎಂದು ಕೇಳಲು ಒಂದು ನಿಮಿಷ ಸಾಕಾಗಿತ್ತು. ಕೇಳಿದರೆ, ಯಾಕೆ ಕೇಳ್ತಿ ಅಕ್ಕಾ ಎನ್ನುತ್ತಿದ್ದಳು. ಆಗ ನಾನು ನೋಡದೆ ಒಪ್ಪಿಗೆ ಕೊಟ್ಟದ್ದನ್ನು ಹೇಳಬೇಕಾಗುತ್ತಿತ್ತು.

ಕುಬುಸವಾದ ಹದಿನೈದನೆಯ ದಿನ ಸರೋಜಳಿಗೆ ಜ್ವರ ಬಂತು. ಮರುದಿನ ಮುಖದ ಮೇಲೆ ಗುಳ್ಳೆ ಎದ್ದವು. ನಾನು ಹೋಗುವಷ್ಟರಲ್ಲಿ ಈರಮ್ಮ ಬಾಗಿಲಿಗೆ ಬೇವು ಕಟ್ಟಿದ್ದಳು. ಆಗ ಅವಳ ಬಾಯಿಂದ ತಿಳಿಯಿತು: ಸರೋಜಳಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದೇ ಇರಲಿಲ್ಲ. ನಾಗವೇಣಿಗೆ ಬಂದಾಗ ಇವಳನ್ನು ಮದ್ದಿಕೇರದ ಸೋದರಮಾವನ ಮನೆಗೆ ಕಳಿಸಿದ್ದರಂತೆ.

ದೊಡ್ಡವರಿಗೆ ಬಂದರೆ ಇದು ಮಕ್ಕಳಿಗೆ ಬಂದ ಹಾಗಿರುವುದಿಲ್ಲ. ತುಂಬಿದ ಬಸುರಿಗೆ ಬಂದರೆ ಶ್ವಾಸಕೋಶಕ್ಕೆ ಇಳಿಯುವ ಭಯ ಹೆಚ್ಚು. ಅಂದೇ ಆದೋನಿಯ ಆಸ್ಪತ್ರೆಗೆ ಹೋಗೋಣ ಎಂದೆ.

"ಅಮ್ಮ ಮೈಮ್ಯಾಗ ಇದ್ದಾಗ ಹೊರಗ ಒಯ್ದ್ರ ಆಕಿ ಸಿಟ್ಟಾಗ್ತಾಳ," ಎಂದಳು ಈರಮ್ಮ. "ಮೂರು ನೀರು ಆಗ್ಲಿ. ಆಮ್ಯಾಲ ನೀ ಎಲ್ಲಿಗನ್ನ ಕರ್ಕೊಂಡ್ ಹೋಗು."

ಮಾರೆಪ್ಪ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ. ಒಳಗಿನಿಂದ ಸರೋಜ, "ನಾಳಿ ನೋಡೂನು ಅಕ್ಕಾ, ಇವತ್ತು ಆರಾಮ ಅದೀನಿ," ಎಂದಳು. ನಾನು ಅಂದೂ ಹೊಸಿಲಾಚೆಯೇ ನಿಂತಿದ್ದೆ. ಮೆಡಿಕಲ್ ಆಫೀಸರಿಗೆ ಫೋನ್ ಮಾಡಿದೆ. ಹೇಗಾದರೂ ಒಪ್ಪಿಸಿ ಕರೆತನ್ನಿ ಎಂದರು.

ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಒಳಗಿನ ಕೆಮ್ಮು ಕೇಳಿಸಿತು. ಕೆಮ್ಮಿನ ನಡುವೆ ಉಸಿರು ಎಳೆಯುವ ಸದ್ದು ಬೇರೆಯಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಈರಮ್ಮ "ನರ್ಸಮ್ಮಾ!" ಎಂದು ಕೂಗಿದಳು. ನಿಲ್ಲಲಿಲ್ಲ. ಉಸಿರು ನಿಮಿಷಕ್ಕೆ ಮೂವತ್ತಾರು, ಇಪ್ಪತ್ತರೊಳಗೆ ಇರಬೇಕಾದದ್ದು. ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ಹಾಕಿದೆ. ಎಂಬತ್ತೇಳು ತೋರಿಸಿತು. ತೊಂಬತ್ತೈದರ ಮೇಲಿರಬೇಕಾದದ್ದು. ಅಲ್ಲಿಂದಲೇ 108ಕ್ಕೆ ಫೋನ್ ಮಾಡಿದೆ.

ಗಾಡಿ ಬಂದಾಗ ಈರಮ್ಮ ಬಾಗಿಲಿಗೆ ಅಡ್ಡ ನಿಂತಳು. ಆಗ ಸರೋಜಳೇ ಎದ್ದು ಕುಳಿತಳು.

"ಅತ್ತಿ, ಈ ಊರಾಗ ಎಷ್ಟ್ ಮಂದಿನ್ನ ನಾ ಈ ಗಾಡಿ ಹತ್ತಿಸೀನಿ? ಬಗಲಾಗ ಕೈ ಹಾಕಿ ಎಳ್ಕೊಂಡ್ ಹೋಗಿ ಹತ್ತಿಸೀನಿ. ಈಗ ನಾ ಹತ್ತಂಗಿಲ್ಲ ಅಂದ್ರ ನಾಳಿ ಯಾರು ಹತ್ತತಾರ? ಸರಿ, ಹಾದಿ ಬಿಡು."

ಈರಮ್ಮ ಸರಿದಳು. ಅಷ್ಟೇ ಅಲ್ಲ, ತನ್ನ ಹೊದಿಕೆಯನ್ನು ತಂದು ಸೊಸೆಗೆ ಹೊದಿಸಿದಳು.

ಗಾಡಿಯಲ್ಲಿ ಮಾರೆಪ್ಪ ಮುಂದೆ ಕುಳಿತ. ನಾನು ಸರೋಜಳ ಪಕ್ಕದಲ್ಲಿದ್ದೆ. ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಆದೋನಿ ಇನ್ನೂ ಸ್ವಲ್ಪ ದೂರವಿರುವಾಗ ಅವಳು ಮಾಸ್ಕ್ ಸರಿಸಿ ಕೇಳಿದಳು:

"ಅಕ್ಕಾ, ಪವಿದು ಪೂರಾ ಒಣಗಿದ್ವಲ್ಲ?"

ಅವಳೂ ಆರು ವರ್ಷ ಕೆಲಸ ಮಾಡಿದವಳು. ದಿನ ಎಣಿಸಲು ಅವಳಿಗೂ ಬರುತ್ತಿತ್ತು.

"ಹೂಂ," ಎಂದೆ.

ಅವಳು ಕಣ್ಣು ಮುಚ್ಚಿದಳು. ನಂಬಿದಳೋ, ನಾನು ನಂಬಿಸಲು ಹೊರಟಿದ್ದೇನೆ ಎಂದು ತಿಳಿದು ಬಿಟ್ಟುಕೊಟ್ಟಳೋ, ನನಗೆ ಇಂದಿಗೂ ಗೊತ್ತಿಲ್ಲ.

ಆದೋನಿಯಲ್ಲಿ ಎಕ್ಸ್‌ರೇ ತೆಗೆದು, ನಿಲ್ಲಿಸಿಕೊಳ್ಳದೆ ಕರ್ನೂಲಿಗೆ ಕಳಿಸಿದರು. ಅಂದು ಸಂಜೆಯೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ತೂಕ ಒಂದು ಕಿಲೋ ಆರು ನೂರು ಗ್ರಾಂ. ಅದನ್ನು ನವಜಾತ ಶಿಶುಗಳ ವಾರ್ಡಿಗೆ ಒಯ್ದರು. ಸರೋಜಳನ್ನು ವೆಂಟಿಲೇಟರಿಗೆ ಹಾಕಿದರು. ಮರುದಿನ ಅಲ್ಲಿಯ ಡಾಕ್ಟರಮ್ಮ ನನ್ನನ್ನು ಕರೆದು, "ಕಾಂಟ್ಯಾಕ್ಟ್ ಎಪ್ಪುಡು ಅಯಿಂದಿ?" ಎಂದು ತೆಲುಗಿನಲ್ಲಿ ಕೇಳಿದರು. ಸೋಂಕಿದ್ದವರ ಹತ್ತಿರ ಯಾವಾಗ ಇದ್ದಳು ಎಂದು. ನಾನು ಕುಬುಸದ ದಿನ ಹೇಳಿದೆ. ಅಂದೇ ನಿಮಗೆ ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದೆ. ಸೋಂಕು ತಗುಲಿದ ಹತ್ತು ದಿನದೊಳಗೆ ಕೊಡುವ ಒಂದು ಇಂಜೆಕ್ಷನ್ ಇದೆ ಎಂದರು. ಸುಲಭಕ್ಕೆ ಸಿಗುವುದಲ್ಲ, ಸಿಕ್ಕಿದ್ದರೂ ಇದನ್ನು ತಡೆಯುತ್ತಿತ್ತೆಂದು ಹೇಳಲಾಗದು. ಆದರೆ ಕೇಳಬಹುದಿತ್ತು ಎಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ.

ನಾಲ್ಕನೆಯ ದಿನ ಸರೋಜ ತೀರಿಕೊಂಡಳು.

ನಾನು ಆರೋಗ್ಯ ಕೇಂದ್ರಕ್ಕೆ ಕೊಟ್ಟ ವರದಿಯಲ್ಲಿ ಎಲ್ಲವನ್ನೂ ಬರೆದೆ. ವಿಚಾರಣೆ ನಡೆಯಿತು, ಎಚ್ಚರಿಕೆಯ ಪತ್ರ ಬಂತು. ಆ ಕಾಗದವೆಲ್ಲ ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ ಇತ್ತು. ಊರಿಗೆ ಅದು ತಲುಪಲಿಲ್ಲ. ಊರಿನಲ್ಲಿ ಬೇರೆ ಮಾತು ನಡೆದಿತ್ತು. ಪವಿಯನ್ನು ನೋಡಿದರೆ ಹೆಂಗಸರು ತಮ್ಮ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಮೂರನೇ ನೀರು ಆಗುವ ಮೊದಲೇ ತೊಡೆ ಏರಿ ಚಿಗವ್ವನನ್ನು ತಿಂದವಳು ಎಂದು ಒಬ್ಬಳು ಅವಳೆದುರಿಗೇ ಅಂದಳಂತೆ. ಮಗು ಆ ಮಾತನ್ನು ಮನೆಗೆ ತಂದು, ತಿನ್ನೋದು ಅಂದ್ರ ಏನು ಎಂದು ತಾಯಿಯನ್ನು ಕೇಳಿತಂತೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನಾಗವೇಣಿ ಮಗಳ ಕೈಹಿಡಿದು ಬಂದಳು. ಪವಿಯ ಮೈಮೇಲೆ ಆಗ ಕಲೆ ಬಿಟ್ಟು ಏನೂ ಇರಲಿಲ್ಲ. ಅವಳಿಂದ ಯಾರಿಗೂ ಯಾವ ಅಪಾಯವೂ ಇರಲಿಲ್ಲ. ಈರಮ್ಮ ಅಂಗಳದಲ್ಲಿಯೇ ತಡೆದಳು.

"ನೀ ಬಾ. ಆಕಿನ್ನ ತರಬ್ಯಾಡ."

"ಚಿಗವ್ವನ ಫೋಟೋಕ್ಕ ಹೂ ಹಾಕ್ತಾಳ ಅಷ್ಟ, ದೊಡ್ಡವ್ವಾ," ಎಂದಳು ನಾಗವೇಣಿ.

"ಬ್ಯಾಡ ಅಂದ್ರ ಬ್ಯಾಡ."

ನಾನು ಜನರ ನಡುವೆ ಕುಳಿತಿದ್ದೆ. ಎದ್ದು ನಿಂತೆ. ಹೇಳಿದ್ದು ನಾಲ್ಕೇ ಮಾತು. ಆ ಕೂಸಿನ್ನ ಕರ್ಕೊಂಡ್ ಬಾ ಅಂದಾಕಿ ನಾನು. ಹತ್ತಿರ ಹೋಗಿ ನೋಡಲಿಲ್ಲ. ಕುಬುಸದ ದಿನ ಗುಳ್ಳೆ ಹಸಿ ಇದ್ದದ್ದು ಕಂಡೆ, ಬಾಯಿ ಬಿಡಲಿಲ್ಲ. ಗಾಡಿಯಲ್ಲಿ ಸರೋಜ ಕೇಳಿದಾಗಲೂ ಸುಳ್ಳು ಹೇಳಿದೆ.

ಮಾರೆಪ್ಪ ಎದ್ದು ಹೊರಗೆ ಹೋದ. ಈರಮ್ಮ ನನ್ನ ಹತ್ತಿರ ಬಂದಳು.

"ಹಸಿ ಇದ್ದದ್ದು ನೋಡಿದ್ದಿ ಅನ್ನೋದು ಗೊತ್ತಿದ್ದಿಲ್ಲ," ಎಂದಳು. "ನೀ ಹೂಂ ಅಂದಿದ್ದು ಊರಿಗೆಲ್ಲಾ ಗೊತ್ತೈತಿ. ಆದ್ರ ನಿನ್ನ ಹೆಂಗ ಬೈಬೇಕು? ನಾಳಿ ಆ ಹಸುಗೂಸು ಮನಿಗೆ ಬರತೈತಿ. ಅದಕ್ಕ ಸೂಜಿ ಹಾಕಾಕಿ ನೀನು. ಜ್ವರ ಬಂದ್ರ ನಿನ್ನ ಬಾಗಿಲಿಗೇ ಬರಬೇಕು. ಈಕಿನ್ನ ಬೈದ್ರ ನಮಗ ಏನ್ ಆಗತೈತಿ?"

"ನನ್ನ ಬೈರಿ," ಎಂದೆ. "ಸೂಜಿ ಹಾಕೋದು ನಿಲ್ಲಂಗಿಲ್ಲ."

ಆಮೇಲೆ ಅವಳು ಬೈದಳು. ಕುಳಿತು ಬೈದಳು, ಎದ್ದು ಬೈದಳು, ಎದೆ ಬಡಿದುಕೊಂಡು ಬೈದಳು. ನನ್ನ ಓದನ್ನು, ನನ್ನ ಬಿಳಿ ಸೀರೆಯನ್ನು, ನನ್ನ ಮರ್ಯಾದೆಯನ್ನು ಬೈದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳ ದನಿ ಬಿದ್ದುಹೋದ ಮೇಲೆ ನಾಗವೇಣಿ ಪವಿಯ ಕೈಹಿಡಿದು ಒಳಗೆ ಹೋದಳು. ಈರಮ್ಮ ನೋಡಿದಳು, ತಡೆಯಲಿಲ್ಲ.

ನಿವೃತ್ತಳಾದ ಮೇಲೂ ತಾಯಂದಿರು ಬಂದು ಕೇಳುತ್ತಾರೆ. ಮಂತ್ರಾಲಯದಲ್ಲಿ ಜವಳದ ಕೂದಲು ತೆಗೆಸುವುದಿದೆ, ಮಗುವಿಗೆ ಗುಳ್ಳೆ ಬರೀ ಸ್ವಲ್ಪ ಇವೆ, ಒಯ್ಯಬಹುದೇ ಎಂದು. ಮಗುವನ್ನು ನೋಡಿ ಉತ್ತರ ಕೊಡುವ ಪ್ರಶ್ನೆ ಅದು ಎಂದು ಮೂವತ್ತು ವರ್ಷ ತಿಳಿದಿದ್ದೆ. ಮಗುವಿಗೆ ಸ್ವಲ್ಪ ಇರುವುದು ನಿಜವೇ. ಅಲ್ಲಿಗೆ ಬರುವವರಲ್ಲಿ ಬಸುರಿ ಯಾರು, ಹಸುಗೂಸು ಯಾವುದು, ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವವರು ಯಾರು, ಅವರಿಗೆ ಅದು ಸ್ವಲ್ಪವಾಗಿ ಬರುತ್ತದೆಯೇ ಎಂದು ಈಗ ಕೇಳುತ್ತೇನೆ. ಗೊತ್ತಿಲ್ಲ ಎಂದರೆ ಮನೆಯಲ್ಲಿಯೇ ಇರಿ ಎನ್ನುತ್ತೇನೆ. ಕೆಲವರು ಮುನಿಸಿಕೊಂಡು ಹೋಗುತ್ತಾರೆ. ತಪ್ಪು ಗೊತ್ತಾದ ದಿನವೇ ಹೇಳಬೇಕು ಎಂಬುದು ಇನ್ನೊಂದು ಪಾಠ. ಅದನ್ನು ಕಲಿಯಲು ನನಗೆ ಸರೋಜಳ ಸಾವು ಬೇಕಾಯಿತು.

ಅವಳ ಮಗಳು ಈಗ ಓಡಾಡುತ್ತಾಳೆ. ಪವಿ ಶಾಲೆಗೆ ಹೋಗುತ್ತಾಳೆ. ಹೋದ ತಿಂಗಳು ನಾಗವೇಣಿ ಬಂದಿದ್ದಳು. ಊರವರ ಮಾತು ಪೂರಾ ನಿಂತಿಲ್ಲ, ದೊಡ್ಡವಳಾದ ಮೇಲೆ ಮಗಳು ಕೇಳಿದರೆ ಏನು ಹೇಳಲಿ ಎಂದಳು. ನೀನು ಹೇಳಬೇಡ, ನನ್ನ ಹತ್ತಿರ ಕಳಿಸು ಎಂದೆ. ಅವಳಿಗೆ ತಿಳಿಯುವ ವಯಸ್ಸು ಬರುವಷ್ಟರಲ್ಲಿ ನಾನು ಇರುತ್ತೇನೋ ಇಲ್ಲವೋ. ಅದಕ್ಕಾಗಿ ಇದನ್ನು ಬರೆದಿದ್ದೇನೆ. ನಿನ್ನದೇನೂ ತಪ್ಪಿಲ್ಲ, ಪವಿ. ನೀನು ಚಿಗವ್ವನ ತೊಡೆಯ ಮೇಲೆ ಮಲಗಿದ್ದೆ, ಅಷ್ಟೇ.